ಅರವತ್ತೊಂಬತ್ತು ಸಾವಿರ ಜನರ ರಕ್ತ

2005ರ ಆಗಸ್ಟ್‌ನಿಂದ ಸುಮಾರು ಒಂದು ವರ್ಷ ಕಾಲ ಅಮೆರಿಕದ ಒಹಾಯೊ ನದಿಯ ಎರಡೂ ದಂಡೆಯ ಊರುಗಳಲ್ಲಿ ಜನ ರಕ್ತ ಕೊಡಲು ಸರದಿ ನಿಂತಿದ್ದರು. ಒಂದು ದಂಡೆ ವೆಸ್ಟ್ ವರ್ಜೀನಿಯಾ ರಾಜ್ಯದ್ದು, ಎದುರಿನದು ಒಹಾಯೊ ರಾಜ್ಯದ್ದು. ಟ್ರೇಲರ್‌ಗಳಲ್ಲಿ ತಾತ್ಕಾಲಿಕ ಕ್ಲಿನಿಕ್ ತೆರೆದಿದ್ದರು. ಆರೋಗ್ಯದ ಬಗ್ಗೆ ಉದ್ದನೆಯ ಪ್ರಶ್ನಾವಳಿ ತುಂಬಿಕೊಟ್ಟವರಿಗೆ 150 ಡಾಲರ್, ತೋಳು ಚಾಚಿ ರಕ್ತ ಕೊಟ್ಟವರಿಗೆ ಇನ್ನೂ 250 ಡಾಲರ್. ಗಂಡ, ಹೆಂಡತಿ, ಎರಡು ಮಕ್ಕಳಿರುವ ಮನೆಗೆ ಒಟ್ಟು 1,600 ಡಾಲರ್ ಬಂತು. ಹಣದಾಸೆಗೆ ಬಂದರು ಅನ್ನಿ, ಕುತೂಹಲಕ್ಕೆ ಬಂದರು ಅನ್ನಿ, ಭಯಕ್ಕೆ ಬಂದರು ಅನ್ನಿ. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 69,030 ಜನ. ಅಲ್ಲಿ ಆಗ ವಾಸವಿದ್ದ ಅರ್ಹ ವಯಸ್ಕರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಬಂದಿದ್ದರು.

ಅರ್ಹತೆ ಏನೆಂದರೆ, ಆ ಪ್ರದೇಶದ ಆರು ನೀರು ಸರಬರಾಜು ವ್ಯವಸ್ಥೆಗಳಲ್ಲಿ ಯಾವುದಾದರೊಂದರ ನೀರನ್ನು ಕನಿಷ್ಠ ಒಂದು ವರ್ಷ ಕುಡಿದಿರಬೇಕು.

ಕುಡಿಯುವ ನೀರಿನಲ್ಲಿ ಕರಗಿದ ಇಂಗಾಲಮೂಲದ ರಾಸಾಯನಿಕಗಳು, ಅಂದರೆ ಕೀಟನಾಶಕ, ದ್ರಾವಕ, ಬಣ್ಣ, ಪ್ಲಾಸ್ಟಿಕ್ ತಯಾರಿಕೆಯ ತ್ಯಾಜ್ಯ ಇತ್ಯಾದಿ, ಮನುಷ್ಯನಿಗೆ ಏನು ಮಾಡುತ್ತವೆ ಎಂಬುದಕ್ಕೆ ಜಗತ್ತಿನಲ್ಲಿ ಸಿಗುವ ಉತ್ತರಗಳಲ್ಲಿ ಬಹುಪಾಲು ಇಲಿಗಳ ಮೇಲೆ ನಡೆದ ಪ್ರಯೋಗದಿಂದ ಬಂದವು. ಒಂದು ಇಡೀ ಸೀಮೆಯ ಜನರ ರಕ್ತ ಪರೀಕ್ಷಿಸಿ, ವರ್ಷಗಟ್ಟಲೆ ಹಿಂಬಾಲಿಸಿ, ಯಾವ ಕಾಯಿಲೆಗೆ ನೀರು ಕಾರಣ, ಯಾವುದಕ್ಕೆ ಅಲ್ಲ ಎಂದು ಒಂದೊಂದಾಗಿ ತೂಗಿ ನೋಡಿದ ಉದಾಹರಣೆಗಳು ಬೆರಳೆಣಿಕೆಯಷ್ಟು. ಅದಕ್ಕೇ ಈ ಅಧ್ಯಾಯ ಬಹುಪಾಲು ಅದೊಂದು ಸೀಮೆಯ ಸುತ್ತಲೇ ತಿರುಗುತ್ತದೆ.

ಪಾರ್ಕರ್ಸ್‌ಬರ್ಗ್ ಎಂಬ ಊರಿನ ಹತ್ತಿರ ನದಿಯ ದಡದಲ್ಲೇ ಆಗ ಡುಪಾಂಟ್ ಕಂಪನಿಗೆ ಸೇರಿದ್ದ 'ವಾಷಿಂಗ್ಟನ್ ವರ್ಕ್ಸ್' ಕಾರ್ಖಾನೆ ಇದೆ. ಟೆಫ್ಲಾನ್ ತಯಾರಾಗುತ್ತಿದ್ದುದು ಅಲ್ಲಿ. ಟೆಫ್ಲಾನ್ ನೀರಿಗೂ ಅಂಟದ, ಎಣ್ಣೆಗೂ ಅಂಟದ ವಸ್ತು. ಅದರ ಕಣಗಳು ತಯಾರಿಕೆಯ ಹಂತದಲ್ಲಿ ಮುದ್ದೆಗಟ್ಟದೆ ನೀರಿನಲ್ಲಿ ಸಮನಾಗಿ ಹರಡಿಕೊಂಡಿರಲು ಒಂದು ಸಾಬೂನಿನಂಥ ಪದಾರ್ಥ ಬೇಕು. 1951ರಿಂದ ಡುಪಾಂಟ್ ಅದಕ್ಕಾಗಿ 3ಎಂ ಕಂಪನಿಯಿಂದ ಪಿಎಫ್‌ಒಎ (ಪರ್‌ಫ್ಲೋರೋ ಆಕ್ಟನಾಯಿಕ್ ಆಮ್ಲ) ಕೊಳ್ಳತೊಡಗಿತು. ಕಾರ್ಖಾನೆಯವರ ಬಾಯಲ್ಲಿ ಅದರ ಹೆಸರು ಸಿ-8. ಎಂಟು ಇಂಗಾಲದ ಪರಮಾಣುಗಳ ಸರಪಳಿ, ಅಷ್ಟೇ.

ಈ ಸಿ-8ಕ್ಕೆ ನಮ್ಮ ಅಡುಗೆಮನೆಯಲ್ಲೇ ಒಬ್ಬ ದಾಯಾದಿ ಇದ್ದಾನೆ. ತೆಂಗಿನೆಣ್ಣೆಯಲ್ಲಿ ಕ್ಯಾಪ್ರಿಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಇರುತ್ತದೆ. ಅದರಲ್ಲೂ ಎಂಟು ಇಂಗಾಲ, ತುದಿಯಲ್ಲಿ ಅದೇ ಆಮ್ಲದ ಬಾಲ. ಸರಪಳಿಗೆ ಅಂಟಿಕೊಂಡ ಹದಿನೈದು ಹೈಡ್ರೋಜನ್ ಪರಮಾಣುಗಳನ್ನು ಕಿತ್ತು ಆ ಜಾಗಗಳಲ್ಲಿ ಹದಿನೈದು ಫ್ಲೋರಿನ್ ಕೂರಿಸಿದರೆ ಪಿಎಫ್‌ಒಎ. ಕ್ಯಾಪ್ರಿಲಿಕ್ ಆಮ್ಲವನ್ನು ನಮ್ಮ ಯಕೃತ್ತು ಎರಡೆರಡು ಇಂಗಾಲದಂತೆ ಕತ್ತರಿಸಿ ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ. ಪಿಎಫ್‌ಒಎ ಬಂದಾಗ ಆ ಕತ್ತರಿ ಓಡುವುದಿಲ್ಲ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಇಂಗಾಲ ರಸಾಯನದಲ್ಲೇ ಅತ್ಯಂತ ಗಟ್ಟಿಯಾದ ಒಂಟಿ ಬಂಧ. ಅದನ್ನು ಮುರಿಯಬಲ್ಲ ಕಿಣ್ವ ನಮ್ಮ ದೇಹದಲ್ಲಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳಿಗೂ ಅದು ಹೆಚ್ಚುಕಡಿಮೆ ಕಬ್ಬಿಣದ ಕಡಲೆ.

ಜೀರ್ಣವಾಗದ್ದು ಮೂತ್ರದಲ್ಲಿ ಹೊರಹೋದರೆ ತೊಂದರೆ ಇರಲಿಲ್ಲ. ಆದರೆ ಆಕಾರ ಕೊಬ್ಬಿನಾಮ್ಲದ್ದಾದ್ದರಿಂದ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ಇದನ್ನು ತನ್ನವನೇ ಎಂದು ಹೊತ್ತು ತಿರುಗುತ್ತದೆ. ಮೂತ್ರಪಿಂಡದಲ್ಲಿ ಅಷ್ಟಿಷ್ಟು ಸೋಸಿ ಬಂದದ್ದನ್ನೂ ಅಲ್ಲಿನ ಸಾಗಣೆ ಪ್ರೋಟೀನುಗಳು ಮರಳಿ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಹೆಣ್ಣು ಇಲಿ ತನ್ನ ಮೈಯಲ್ಲಿರುವ ಪಿಎಫ್‌ಒಎಯ ಅರ್ಧ ಪಾಲನ್ನು ಕೆಲವೇ ಗಂಟೆಗಳಲ್ಲಿ ಹೊರಹಾಕುತ್ತದೆ, ಗಂಡು ಇಲಿಗೆ ಕೆಲವು ದಿನ ಬೇಕು. ಮನುಷ್ಯನಿಗೆ ಎರಡರಿಂದ ನಾಲ್ಕು ವರ್ಷ. ಇಲಿಯನ್ನು ನೋಡಿ ಮನುಷ್ಯನ ಬಗ್ಗೆ ತೀರ್ಮಾನಕ್ಕೆ ಬರುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಕಂಡಿಲ್ಲ. ಹೊರಹೋಗುವುದು ಇಷ್ಟು ನಿಧಾನವಾದ್ದರಿಂದ ದಿನವೂ ಕುಡಿದದ್ದು ಒಳಗೇ ಸೇರುತ್ತ ಹೋಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡವೊಂದು ಒಹಾಯೊ ದಂಡೆಯ ಲಿಟಲ್ ಹಾಕಿಂಗ್ ಎಂಬಲ್ಲಿ ಜನರ ರಕ್ತವನ್ನೂ ನಲ್ಲಿಯ ನೀರನ್ನೂ ಹೋಲಿಸಿ 2006ರಲ್ಲಿ ವರದಿ ಮಾಡಿತು: ನೀರಿನಲ್ಲಿ ಇದ್ದುದಕ್ಕಿಂತ ರಕ್ತದಲ್ಲಿ ಸುಮಾರು ನೂರು ಪಟ್ಟು.

ಕಾರ್ಖಾನೆಯ ಸಿ-8 ನೀರಿಗೆ ಸೇರಿದ್ದು ಬಯಲಿಗೆ ಬಂದದ್ದು ದನಗಳಿಂದ. ವಿಲ್ಬರ್ ಟೆನಂಟ್ ಎಂಬ ರೈತನ ಕುಟುಂಬ ಕಂಪನಿಗೆ ಮಾರಿದ ಜಮೀನಿನಲ್ಲಿ ಡುಪಾಂಟ್ ಕಸದ ಗುಂಡಿ ಮಾಡಿತ್ತು. ಅಲ್ಲಿಂದ ಹರಿದುಬರುವ ತೊರೆಯ ನೀರು ಕುಡಿದ ದನಗಳು ಬಡಕಲಾಗಿ, ಹುಚ್ಚೆದ್ದು, ಒಂದರ ಹಿಂದೊಂದು ಸತ್ತವು. ಆತ 1998ರಲ್ಲಿ ರಾಬ್ ಬಿಲಾಟ್ ಎಂಬ ವಕೀಲರಿಗೆ ಫೋನ್ ಮಾಡಿದ. ಬಿಲಾಟ್ ಅಲ್ಲಿಯವರೆಗೆ ರಾಸಾಯನಿಕ ಕಂಪನಿಗಳ ಪರವಾಗಿ ವಾದಿಸುತ್ತಿದ್ದವರು. ಕೋರ್ಟಿನ ಆದೇಶದ ಮೇಲೆ ಕಂಪನಿ ಒಪ್ಪಿಸಿದ ಲಕ್ಷಕ್ಕೂ ಮಿಕ್ಕಿದ ಪುಟಗಳನ್ನು ಅವರು ತಿಂಗಳುಗಟ್ಟಲೆ ಓದಿದರು. ಕಂಪನಿ 1984ರಲ್ಲೇ ಸುತ್ತಲ ಊರುಗಳ ನಲ್ಲಿ ನೀರನ್ನು ಗುಟ್ಟಾಗಿ ಪರೀಕ್ಷಿಸಿ ಸಿ-8 ಇರುವುದನ್ನು ಕಂಡುಕೊಂಡು ಸುಮ್ಮನಿತ್ತು ಎಂಬುದು ಆ ಕಡತಗಳಲ್ಲಿತ್ತು. ಉಳಿದ ಕಥೆಯನ್ನು 2019ರ 'ಡಾರ್ಕ್ ವಾಟರ್ಸ್' ಸಿನಿಮಾದಲ್ಲಿ ನೋಡಬಹುದು. ನಾನದನ್ನು ಇಲ್ಲಿ ಹಿಗ್ಗಿಸುವುದಿಲ್ಲ. ಸಿನಿಮಾಕ್ಕೆ ಹಿಡಿಸದ ಭಾಗವೇ ವಿಜ್ಞಾನದ ಮಟ್ಟಿಗೆ ಹೆಚ್ಚು ರೋಚಕ.

ಊರವರು ಹೂಡಿದ ಮೊಕದ್ದಮೆ 2004ರಲ್ಲಿ ರಾಜಿಯಾಯಿತು. ಏಳು ಕೋಟಿ ಡಾಲರ್ ಜನರ ಕೈಗೆ ಬರುವುದಿತ್ತು. ತಲೆಗಿಷ್ಟು ಎಂದು ಹಂಚಿಬಿಡಬಹುದಿತ್ತು. ವಕೀಲರು ಹಾಗೆ ಮಾಡದೆ ಆ ಹಣದಲ್ಲಿ ಎಲ್ಲರ ರಕ್ತ ಪರೀಕ್ಷೆ ಮಾಡಿಸೋಣ ಎಂದರು. ಟೋನಿ ಫ್ಲೆಚರ್, ಡೇವಿಡ್ ಸಾವಿಟ್ಜ್, ಕೈಲ್ ಸ್ಟೀನ್‌ಲ್ಯಾಂಡ್ ಎಂಬ ಮೂವರು ಸೋಂಕುಶಾಸ್ತ್ರಜ್ಞರ ಸಮಿತಿಯನ್ನು ಎರಡೂ ಕಡೆಯವರು ಒಪ್ಪಿ ನೇಮಿಸಿದರು. ಕರಾರು ಹೀಗಿತ್ತು: ಯಾವ ಕಾಯಿಲೆಗೆ ಸಿ-8 ಕಾರಣ ಇರುವ ಸಾಧ್ಯತೆ ಇಲ್ಲದಿರುವುದಕ್ಕಿಂತ ಹೆಚ್ಚು ಎಂದು ಸಮಿತಿ ಹೇಳುತ್ತದೋ, ಆ ಕಾಯಿಲೆಯ ವಿಷಯದಲ್ಲಿ 'ಸಿ-8ರಿಂದ ಈ ರೋಗ ಬರುವುದೇ ಇಲ್ಲ' ಎಂದು ಕಂಪನಿ ಇನ್ನು ಕೋರ್ಟಿನಲ್ಲಿ ವಾದಿಸಕೂಡದು. ಯಾವುದಕ್ಕೆ ಸಂಬಂಧವಿಲ್ಲ ಎನ್ನುತ್ತದೋ, ಆ ಕಾಯಿಲೆಯವರು ಕೇಸು ಹಾಕಕೂಡದು. ಇಬ್ಬರೂ ಜೂಜಾಡಿದ್ದರು, ದಾಳ ವಿಜ್ಞಾನಿಗಳ ಕೈಯಲ್ಲಿತ್ತು.

ಸಮಿತಿಯ ಕೆಲಸ ಎಷ್ಟು ಕಷ್ಟದ್ದು ಎಂದು ತಿಳಿಯಬೇಕಾದರೆ ಕಾಲರಾದ ಜೊತೆ ಹೋಲಿಸಿ ನೋಡಬೇಕು. ಕಾಲರಾ ನೀರಿನಿಂದ ಬಂದರೆ ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ, ರೋಗಾಣುವೂ ಸಿಗುತ್ತದೆ. ಮೂತ್ರಪಿಂಡದ ಕ್ಯಾನ್ಸರ್ ಸಿ-8 ಕುಡಿಯದವರಿಗೂ ಬರುತ್ತದೆ. ಬಂದ ಗಡ್ಡೆಯ ಮೇಲೆ ಯಾವ ಕಾರ್ಖಾನೆಯ ಮುದ್ರೆಯೂ ಇರುವುದಿಲ್ಲ. ಕುಡಿದು ಇಪ್ಪತ್ತು ವರ್ಷದ ಮೇಲೆ ಬರಬಹುದು. ಅಷ್ಟರಲ್ಲಿ ಆತ ಊರು ಬಿಟ್ಟಿರಬಹುದು, ಸಿಗರೇಟು ಸೇದಿರಬಹುದು, ದಪ್ಪಗಾಗಿರಬಹುದು.

ಮತ್ತೊಂದು ತೊಡಕು ಹೋಲಿಕೆಯದು. ಸಿ-8 ಇಲ್ಲದ ಜನರ ಗುಂಪು ಬೇಕಲ್ಲ? ಅಂಥವರು ಸಿಗುವುದೇ ಇಲ್ಲ. ರೋಚೆಸ್ಟರ್ ವಿಶ್ವವಿದ್ಯಾಲಯದ ಡೊನಾಲ್ಡ್ ಟೇವ್ಸ್ 1968ರಲ್ಲೇ ಮನುಷ್ಯರ ರಕ್ತದಲ್ಲಿ ಇಂಗಾಲಕ್ಕೆ ಅಂಟಿದ ಫ್ಲೋರಿನ್ ಇರುವುದನ್ನು ಕಂಡಿದ್ದರು; ಪರೀಕ್ಷಿಸಿದ್ದು ತಮ್ಮದೇ ರಕ್ತ. 2003-04ರ ಹೊತ್ತಿಗೆ ಸಾಮಾನ್ಯ ಅಮೆರಿಕನ್ನರ ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ ಸುಮಾರು 4 ನ್ಯಾನೋಗ್ರಾಂ ಪಿಎಫ್‌ಒಎ ಇತ್ತು. ಒಹಾಯೊ ದಂಡೆಗಳ 69 ಸಾವಿರ ಜನರಲ್ಲಿ ಮಧ್ಯದ ಅಂಕಿ 28. ಲಿಟಲ್ ಹಾಕಿಂಗ್‌ನವರ ಸರಾಸರಿ 200ಕ್ಕೂ ಮೇಲೆ. ಹಾಗಾಗಿ ಕುಡಿದವರನ್ನು ಕುಡಿಯದವರ ಜೊತೆ ಹೋಲಿಸುವ ಬದಲು ಕಡಿಮೆ ಕುಡಿದವರು, ಹೆಚ್ಚು ಕುಡಿದವರು, ಇನ್ನೂ ಹೆಚ್ಚು ಕುಡಿದವರು ಎಂದು ಸಾಲಾಗಿ ನಿಲ್ಲಿಸಿ, ಸಾಲಿನುದ್ದಕ್ಕೂ ರೋಗ ಏರುತ್ತದೆಯೇ ಎಂದು ನೋಡಬೇಕಾಯಿತು. ಆರು ಊರುಗಳ ನೀರಿನಲ್ಲಿ ಆರು ಬಗೆಯ ಪ್ರಮಾಣ ಇದ್ದುದರಿಂದ ಇದು ಸಾಧ್ಯವಾಯಿತು.

ರಕ್ತದ ಅಂಕಿಯೇ ಕೈಯಲ್ಲಿದ್ದಾಗ ಇನ್ನೇನು ಬೇಕು ಅನ್ನಿಸಬಹುದು. ಇಲ್ಲೇ ಒಂದು ಬಲೆ ಇದೆ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದವರ ರಕ್ತದಲ್ಲಿ ಸಿ-8 ಜಾಸ್ತಿ ಕಂಡಿತು ಎನ್ನೋಣ. ಸಿ-8ರಿಂದ ಮೂತ್ರಪಿಂಡ ಕೆಟ್ಟಿತೋ, ಮೂತ್ರಪಿಂಡ ಕೆಟ್ಟಿದ್ದರಿಂದ ಸಿ-8 ಹೊರಹೋಗದೆ ಉಳಿಯಿತೋ? ಮುಟ್ಟು ನಿಂತ ಹೆಂಗಸರಲ್ಲೂ ಇದು ಹೆಚ್ಚಿತ್ತು. ಸಿ-8ರಿಂದ ಬೇಗ ಮುಟ್ಟು ನಿಂತಿತು ಎಂದು ಒಬ್ಬರು ಬರೆಯಬಹುದು. ತಿಂಗಳು ತಿಂಗಳು ರಕ್ತದ ಜೊತೆ ಹೊರಹೋಗುತ್ತಿದ್ದುದು ನಿಂತದ್ದರಿಂದ ಒಳಗೆ ಸೇರಿತು ಎಂದು ಇನ್ನೊಬ್ಬರು ಬರೆಯಬಹುದು. ಒಂದೇ ಒಂದು ದಿನ ತೆಗೆದ ರಕ್ತ ಈ ಜಗಳ ಬಗೆಹರಿಸುವುದಿಲ್ಲ.

ಆದ್ದರಿಂದ ಸಮಿತಿ ರಕ್ತವನ್ನು ಬದಿಗಿಟ್ಟು ಬೇರೆ ದಾರಿ ಹಿಡಿಯಿತು. ಕಾರ್ಖಾನೆ 1951ರಿಂದ ಯಾವ ವರ್ಷ ಎಷ್ಟು ಸಿ-8ಅನ್ನು ಚಿಮಣಿಯಿಂದ ಗಾಳಿಗೆ, ಎಷ್ಟನ್ನು ನದಿಗೆ ಬಿಟ್ಟಿತು, ಗಾಳಿ ಎತ್ತ ಬೀಸಿತು, ನೆಲಕ್ಕೆ ಬಿದ್ದದ್ದು ಅಂತರ್ಜಲಕ್ಕೆ ಇಳಿಯಲು ಎಷ್ಟು ಕಾಲ ಹಿಡಿಯಿತು, ಯಾವ ಊರಿನ ಬಾವಿಗೆ ಯಾವಾಗ ತಲುಪಿತು, ಇದನ್ನೆಲ್ಲ ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿದರು. ಆಮೇಲೆ ಪ್ರತಿಯೊಬ್ಬರೂ ಯಾವ ಇಸವಿಯಲ್ಲಿ ಯಾವ ಮನೆಯಲ್ಲಿದ್ದರು, ಎಲ್ಲಿ ಕೆಲಸಕ್ಕೆ ಹೋಗುತ್ತಿದ್ದರು, ದಿನಕ್ಕೆ ಎಷ್ಟು ನೀರು ಕುಡಿಯುತ್ತಿದ್ದರು ಎಂಬುದನ್ನು ಅದಕ್ಕೆ ಜೋಡಿಸಿದರು. ಹೀಗೆ ಲೆಕ್ಕ ಹಾಕಿದ ಪ್ರಮಾಣಕ್ಕೆ ಮೂತ್ರಪಿಂಡದ ಸ್ಥಿತಿಯಾಗಲಿ ಮುಟ್ಟಾಗಲಿ ಸಂಬಂಧವಿಲ್ಲ. ಲೆಕ್ಕದ ಅಂಕಿಯೂ 2005-06ರ ರಕ್ತದ ಅಂಕಿಯೂ ಚೆನ್ನಾಗಿಯೇ ತಾಳೆಯಾದವು. ಏಳು ವರ್ಷ ಹಿಡಿಯಿತು. ಊರವರು ಬೇಸತ್ತರು, ಬಿಲಾಟ್ ಹೈರಾಣಾದರು.

2011-12ರಲ್ಲಿ ತೀರ್ಪು ಬಂತು. ಐವತ್ತಕ್ಕೂ ಹೆಚ್ಚು ಕಾಯಿಲೆಗಳಲ್ಲಿ ಆರಕ್ಕೆ ಸಂಬಂಧ ಇದೆ ಎಂದರು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್, ಬಸಿರಿನಲ್ಲಿ ಏರುವ ರಕ್ತದೊತ್ತಡ, ಮತ್ತು ಹೆಚ್ಚಿದ ಕೊಲೆಸ್ಟರಾಲ್. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಪಾರ್ಕಿನ್ಸನ್ ಇವಕ್ಕೆಲ್ಲ ಸಂಬಂಧ ಕಾಣಲಿಲ್ಲ. ಹುಟ್ಟಿನಿಂದ ಬರುವ ಅಂಗವೈಕಲ್ಯಕ್ಕೂ ಇಲ್ಲ ಎಂದದ್ದು ಹಲವರಿಗೆ ನುಂಗಲಾರದ ತುತ್ತಾಯಿತು, ಏಕೆಂದರೆ 1981ರಲ್ಲಿ ಕಾರ್ಖಾನೆಯ ಬಸುರಿ ಕೆಲಸಗಾರ್ತಿಯರ ಕೂಸುಗಳಲ್ಲಿ ಎರಡಕ್ಕೆ ಕಣ್ಣಿನ ದೋಷ ಇದ್ದುದು ಕಂಪನಿಯ ಕಡತದಲ್ಲೇ ಇತ್ತು. ಆದರೆ ಅಂಥ ದೋಷ ಬಲು ಅಪರೂಪದ್ದು. ಅದನ್ನು ಹಿಡಿಯಲು 69 ಸಾವಿರ ಜನರೂ ಕಡಿಮೆಯೇ. ಸಂಬಂಧ ಕಾಣಲಿಲ್ಲ ಎಂಬ ಮಾತನ್ನು ಈ ಮಿತಿಯೊಳಗೇ ಓದಬೇಕು. ಆರಕ್ಕೆ ಹೌದು, ಉಳಿದದ್ದಕ್ಕೆ ಇಲ್ಲ ಎಂದು ಜನರ ಮುಖ ನೋಡಿ ಹೇಳಿದ ಆ ಮೂವರ ಮೇಲೆ ನನಗೆ ಗೌರವ. ಎಲ್ಲ ರೋಗವನ್ನೂ ನೀರಿನ ತಲೆಗೆ ಕಟ್ಟುವ ಹೋರಾಟಗಾರರಿಗೂ ಯಾವುದನ್ನೂ ಒಪ್ಪದ ಕಂಪನಿಗಳಿಗೂ ಇಂಥವರು ಬೇಡ.

ಆರು ರೋಗಗಳ ಸುಮಾರು 3,500 ಮೊಕದ್ದಮೆಗಳನ್ನು ಡುಪಾಂಟ್ ಮತ್ತು ಅದರಿಂದ ಹೊರಬಂದ ಕೆಮೋರ್ಸ್ ಕಂಪನಿಗಳು 2017ರಲ್ಲಿ 67 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಪಿಎಫ್‌ಒಎಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಊರುಗಳಲ್ಲಿ 2007ರಿಂದ ಇದ್ದಿಲಿನ ದೊಡ್ಡ ಶೋಧಕಗಳು ಬಂದವು. ಒಂದು ವರ್ಷದಲ್ಲಿ ಜನರ ರಕ್ತದ ಸಿ-8 ಸುಮಾರು ಕಾಲು ಭಾಗ ಇಳಿಯಿತು.

ಅಡುಗೆಮನೆಯ ನಾನ್‌ಸ್ಟಿಕ್ ತವಾ ಬಗ್ಗೆ ಓದುಗರು ಕೇಳಿಯೇ ಕೇಳುತ್ತಾರೆ. ಸಿ-8 ಬೇಕಾದದ್ದು ತಯಾರಿಸುವಾಗ. ತಯಾರಾದ ತವಾದಲ್ಲಿ ಉಳಿಯುತ್ತಿದ್ದುದು ತೀರ ಕಡಿಮೆ. ವಿಷ ಹರಡಿದ್ದು ಕಾರ್ಖಾನೆಯ ಚಿಮಣಿ ಮತ್ತು ಚರಂಡಿಯಿಂದ. ಈಗ ತವಾಗಳ ಮೇಲೆ 'ಪಿಎಫ್‌ಒಎ ಇಲ್ಲ' ಎಂಬ ಚೀಟಿ ಇರುತ್ತದೆ. ಅದರ ಬದಲಿಗೆ ಬಂದ ಜೆನ್‌ಎಕ್ಸ್ ಎಂಬ ತಮ್ಮ ನಾರ್ತ್ ಕೆರೊಲಿನಾದ ಕೇಪ್ ಫಿಯರ್ ನದಿಯಲ್ಲಿ ಸಿಕ್ಕಿ 2017ರಲ್ಲಿ ದೊಡ್ಡ ಗಲಾಟೆಯಾಯಿತು.

ಇನ್ನು ಎಷ್ಟಿದ್ದರೆ ಸುರಕ್ಷಿತ ಎಂಬ ಪ್ರಶ್ನೆ. 2002ರಲ್ಲಿ ವೆಸ್ಟ್ ವರ್ಜೀನಿಯಾ ನೇಮಿಸಿದ ತಂಡ ಲೀಟರಿಗೆ 1,50,000 ನ್ಯಾನೋಗ್ರಾಂವರೆಗೆ ಭಯವಿಲ್ಲ ಎಂದಿತ್ತು. 2006ರಲ್ಲಿ ಅದು 500ಕ್ಕೆ ಇಳಿಯಿತು, 2009ರಲ್ಲಿ 400ಕ್ಕೆ, 2016ರಲ್ಲಿ 70ಕ್ಕೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕಾನೂನುಬದ್ಧ ಮಿತಿ ಎಂದು ಗೊತ್ತುಮಾಡಿದ್ದು 4. ಪಾಲಿಸುವ ಗಡುವನ್ನು 2029ರಿಂದ 2031ಕ್ಕೆ ಮುಂದೂಡುವುದಾಗಿ ಮರುವರ್ಷ ಹೇಳಿತು, ಅಂಕಿ ಮಾತ್ರ ಹಾಗೇ ಉಳಿದಿದೆ. ಲೀಟರಿಗೆ 4 ನ್ಯಾನೋಗ್ರಾಂ ಎಂದರೆ 25 ಕೋಟಿ ಲೀಟರಿನಲ್ಲಿ ಒಂದು ಗ್ರಾಂ. ಕಾವೇರಿ ಐದನೇ ಹಂತ ಬರುವ ಮೊದಲು ಬೆಂಗಳೂರಿಗೆ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಕಾವೇರಿ ನೀರು ಬರುತ್ತಿತ್ತು. ಅಷ್ಟೂ ನೀರನ್ನು ಈ ಮಿತಿಗೆ ಮುಟ್ಟಿಸಲು ದಿನಕ್ಕೆ ಒಂದು ಚಮಚ ಉಪ್ಪಿನಷ್ಟು, ಹತ್ತಿರ ಹತ್ತಿರ ಆರು ಗ್ರಾಂ ಪಿಎಫ್‌ಒಎ ಸಾಕು.

ಇಷ್ಟು ದೂರದ ಕಥೆಯನ್ನು ಓದುವಾಗ ಕನ್ನಡಿಗರಿಗೆ ಪಡ್ರೆ ನೆನಪಾಗದೆ ಇರದು. ಕಾಸರಗೋಡಿನ ಎಣ್ಮಕಜೆ ಪಂಚಾಯ್ತಿಯ ಆ ಊರಿನ ಸುತ್ತಲ ಗುಡ್ಡಗಳ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗುಡ್ಡದ ಬುಡದ ಜನ ಕುಡಿಯುವುದು ಸುರಂಗಗಳ ನೀರು ಮತ್ತು ತೋಡಿನ ನೀರು. ಅಲ್ಲೂ ಮೊದಲು ಎಚ್ಚರಿಸಿದ್ದು ಜಾನುವಾರುಗಳೇ: ಅಂಗಾಂಗ ವಿಕಾರವಾಗಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಎಂಬತ್ತರ ದಶಕದ ಆರಂಭದಲ್ಲೇ ಬರೆದಿದ್ದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ರೋಗಿಗಳ ಮನೆಗಳನ್ನು ಗುರುತು ಹಾಕುತ್ತ ಹೋದರು. ಆದರೆ ಸರ್ಕಾರಿ ವಿಜ್ಞಾನಿಗಳು ರಕ್ತ ತೆಗೆದದ್ದು ಕೊನೆಯ ಸಿಂಪಡಣೆಯಾಗಿ ಹತ್ತು ತಿಂಗಳಾದ ಮೇಲೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ 117 ಹುಡುಗರನ್ನು ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಡನೆ ಹೋಲಿಸಿ, ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು 2003ರಲ್ಲಿ ಪ್ರಕಟಿಸಿತು. ಅದೇ ಹೊತ್ತಿಗೆ ಸರ್ಕಾರದ ಇನ್ನೊಂದು ಸಮಿತಿ ರೋಗಗಳಿಗೂ ಎಂಡೋಸಲ್ಫಾನಿಗೂ ನಂಟಿಲ್ಲ ಎಂದಿತು.

ಸಿ-8 ಮೈಯಲ್ಲಿ ವರ್ಷಗಟ್ಟಲೆ ಉಳಿಯುವ ವಿಷವಾದ್ದರಿಂದ ಒಹಾಯೊದವರ ರಕ್ತದಲ್ಲಿ ಹಳೆಯ ದಾಖಲೆ ಉಳಿದಿತ್ತು. ಎಂಡೋಸಲ್ಫಾನ್ ಅಷ್ಟು ಕಾಲ ಮೈಯಲ್ಲಿ ನಿಲ್ಲುವುದಿಲ್ಲ. ಸಿಂಪಡಿಸುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ವರ್ಷ ಯಾರೂ ನೀರನ್ನೂ ರಕ್ತವನ್ನೂ ಕ್ರಮವಾಗಿ ಅಳೆಯಲಿಲ್ಲ, ಆಮೇಲೆ ಅಳೆಯಲು ಹೊರಟಾಗ ಸಾಕ್ಷ್ಯ ಬಹುಪಾಲು ಕರಗಿಹೋಗಿತ್ತು. ಸುಪ್ರೀಂ ಕೋರ್ಟ್ 2011ರ ಮೇನಲ್ಲಿ ದೇಶಾದ್ಯಂತ ಅದನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳಕ್ಕೆ ಆದೇಶಿಸಿತು. ದಕ್ಷಿಣ ಕನ್ನಡದ ಕೊಕ್ಕಡದಲ್ಲೂ ಇದೇ ಗೋಳು. ಯಾವ ರೋಗ ಎಷ್ಟರಮಟ್ಟಿಗೆ ಎಂಡೋಸಲ್ಫಾನಿನದು ಎಂಬ ಜಗಳ ಮಾತ್ರ ಪಾರ್ಕರ್ಸ್‌ಬರ್ಗಿನಲ್ಲಿ ಮುಗಿದಂತೆ ಇಲ್ಲಿ ಮುಗಿಯಲಿಲ್ಲ.

ನೀರಿನ ರೋಗಾಣುಗಳನ್ನು ಕೊಲ್ಲಲು ಹಾಕುವ ಕ್ಲೋರಿನ್ ಬಗ್ಗೆಯೂ ಎರಡು ಮಾತು ಹೇಳಬೇಕು. ರೋಟರ್‌ಡ್ಯಾಮಿನ ಯೊಹಾನೆಸ್ ರೂಕ್ 1974ರಲ್ಲಿ ತೋರಿಸಿದಂತೆ, ನೀರಿನಲ್ಲಿ ಕೊಳೆತ ಎಲೆಯ ಅಂಶ ಇದ್ದಾಗ ಕ್ಲೋರಿನ್ ಹಾಕಿದರೆ ಕ್ಲೋರೋಫಾರಂ ಮುಂತಾದ ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟುತ್ತವೆ. ದಶಕಗಟ್ಟಲೆ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಇದನ್ನು ಕೇಳಿ ಕ್ಲೋರಿನ್ ಬೇಡ ಎನ್ನುವುದು ಮೂರ್ಖತನ. ವಾಂತಿಭೇದಿ ಇಂದು ಕೊಲ್ಲುತ್ತದೆ. ಎಲೆಕಸವನ್ನು ಮೊದಲೇ ಸೋಸಿ ತೆಗೆದು ಆಮೇಲೆ ಕ್ಲೋರಿನ್ ಹಾಕುವುದೇ ದಾರಿ.

ಮನೆಯ ಮಟ್ಟಿಗೆ ಬಂದರೆ, ಕುದಿಸಿ ಆರಿಸಿದ ನೀರು ರೋಗಾಣುಗಳಿಗೆ ಒಳ್ಳೆಯ ಮದ್ದು. ಕ್ಲೋರೋಫಾರಂ ಕೂಡ ಆವಿಯಾಗಿ ಬಹುಪಾಲು ಹೋಗುತ್ತದೆ. ಪಿಎಫ್‌ಒಎ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ. ಅದನ್ನು ಹಿಡಿಯಬಲ್ಲವು ಕಾಲಕಾಲಕ್ಕೆ ಬದಲಿಸುವ ಒಳ್ಳೆಯ ಇದ್ದಿಲಿನ ಶೋಧಕ ಮತ್ತು ಆರ್‌ಒ. ಆರ್‌ಒ ಹೊರಬಿಡುವ ನೀರಿನಲ್ಲಿ ಅದೇ ವಿಷ ಮತ್ತೆ ಚರಂಡಿ ಸೇರುತ್ತದೆ ಎಂಬುದು ಬೇರೆ ಮಾತು.

ಮಾರಾಟಗಾರ ಮನೆಗೆ ಬಂದು ಟಿಡಿಎಸ್ ಪೆನ್ನು ಅದ್ದಿ ಅಂಕಿ ತೋರಿಸಿದರೆ ಅದನ್ನು ಶುದ್ಧತೆಯ ಪ್ರಮಾಣಪತ್ರ ಎಂದು ತಿಳಿಯಬೇಡಿ. ಆ ಪೆನ್ನು ಅಳೆಯುವುದು ಕರಗಿದ ಲವಣಗಳನ್ನು, ಅದೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ನ್ಯಾನೋಗ್ರಾಂ ಎಂದರೆ ಮಿಲಿಗ್ರಾಂನ ಹತ್ತು ಲಕ್ಷದ ಒಂದು ಪಾಲು. ಕೀಟನಾಶಕವನ್ನಾಗಲಿ ಪಿಎಫ್‌ಒಎಯನ್ನಾಗಲಿ ಕಾಣಲು ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಪ್ರಯೋಗಾಲಯ ಬೇಕು. ನಮ್ಮ ಕುಡಿಯುವ ನೀರಿನ ಮಾನಕ, 2012ರ ಐಎಸ್ 10500, ಕೀಟನಾಶಕಗಳಿಗೂ ಟ್ರೈಹ್ಯಾಲೋಮೀಥೇನ್‌ಗಳಿಗೂ ಮಿತಿ ಹಾಕಿದೆ. ನಿಮ್ಮ ಪಂಚಾಯ್ತಿಯನ್ನೋ ಜಲಮಂಡಳಿಯನ್ನೋ ಆ ಎರಡರ ಪರೀಕ್ಷಾ ವರದಿ ಕೇಳಿ, ಮಾಹಿತಿ ಹಕ್ಕಿನಲ್ಲಾದರೂ ಸರಿ. ಪಿಎಫ್‌ಒಎಯ ವರದಿ ಕೇಳಲು ಆ ಮಾನಕ ಆಧಾರವಾಗುವುದಿಲ್ಲ. ಅದರ ಪಟ್ಟಿಯಲ್ಲಿ ಪಿಎಫ್‌ಒಎಯ ಹೆಸರಿಲ್ಲ.